ಟೇಬಲ್ ಫ್ಯಾನಿಗಿರೋ ಜಾಲರಿ ನಮ್ಮ ರೋಬೋಟಿಗೆ ಯಾಕಿಲ್ಲ?

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದು ಟೇಬಲ್ ಫ್ಯಾನ್ ಇದ್ದೇ ಇರುತ್ತೆ. ಅದಕ್ಕೆ ಮುಂದೆ, ಹಿಂದೆ ಎರಡೂ ಕಡೆ ಜಾಲರಿ. ಜಾಲರಿ ಇಲ್ಲದ ಫ್ಯಾನನ್ನು ಚಿಕ್ಕ ಮಕ್ಕಳಿರುವ ಮನೆಗೆ ಯಾರೂ ತರುವುದಿಲ್ಲ. ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಹೇಗೂ ಇಂಜಿನಿಯರಿಂಗ್ ಓದುತ್ತಿದ್ದೇವಲ್ಲ. ರೆಕ್ಕೆಗಳು ಸುತ್ತುವ ವೃತ್ತ 400 ಮಿ.ಮೀ. ಅಗಲ ಇದ್ದು, ಫ್ಯಾನ್ ನಿಮಿಷಕ್ಕೆ 1300 ಸುತ್ತು ತಿರುಗಿದರೆ, ರೆಕ್ಕೆಯ ತುದಿಯ ವೇಗ ಗಂಟೆಗೆ ಸುಮಾರು 98 ಕಿ.ಮೀ. ನಮ್ಮ ಫೆಸ್ಟ್‌ಗಳಲ್ಲಿ ಹೋವರ್‌ಕ್ರಾಫ್ಟಿಗೂ ಡ್ರೋನಿಗೂ ಹಾಕುವ 10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ, ತುದಿಯ ವೇಗ ಗಂಟೆಗೆ 383 ಕಿ.ಮೀ. ರೇಸಿಂಗ್ ಡ್ರೋನಿನ 5 ಇಂಚಿನ ಪ್ರೊಪೆಲ್ಲರ್ 25,000 ಸುತ್ತು ಮುಟ್ಟಿದರೆ ಹೆಚ್ಚುಕಡಿಮೆ 600 ಕಿ.ಮೀ. ಫಾರ್ಮುಲಾ ದೊಡ್ಡದೇನಲ್ಲ, ಪಿಯುಸಿಯಲ್ಲಿ ಓದಿದ್ದೇ: ಆಂಗ್ಯುಲರ್ ವೆಲಾಸಿಟಿ ಇಂಟು ರೇಡಿಯಸ್.

ಅಂದರೆ 98 ಕಿ.ಮೀ. ವೇಗದ ರೆಕ್ಕೆಗೆ ಜಾಲರಿ ಇದೆ, 383 ಕಿ.ಮೀ. ವೇಗದ್ದಕ್ಕೆ ಇಲ್ಲ. ಮೊದಲನೆಯದನ್ನು ಕಂಪನಿಯವರು ಮಾಡಿದ್ದು, ಎರಡನೆಯದನ್ನು ನಾವು ಮಾಡಿದ್ದು. ವ್ಯತ್ಯಾಸ ಅಷ್ಟೇ.

ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಸ್ಟೂಡೆಂಟ್ ರೊಬೊಟಿಕ್ಸ್ ಸ್ಪರ್ಧೆಗಳಲ್ಲಿ ಪ್ರೊಪೆಲ್ಲರ್ ಇರುವ ಯಾವುದೇ ಯಂತ್ರವನ್ನು ರೋಬೋವಾರ್ ಯಂತ್ರದಷ್ಟೇ ಗಂಭೀರವಾಗಿ ನೋಡಬೇಕು. ಅದನ್ನು "ಹುಷಾರಾಗಿರಿ ಮಕ್ಕಳೇ" ಅನ್ನೋ ಮಾತಿಗೆ ಬಿಡಬಾರದು, ರೂಲ್‌ಬುಕ್‌ನಲ್ಲಿ ಬರೆಯಬೇಕು.

ಮೊದಲು, ನೆಲದ ಮೇಲೆ ಓಡುವ ರೋಬೋಟಿಗೆ ಪ್ರೊಪೆಲ್ಲರ್ ಯಾಕೆ ಬೇಕು ಅನ್ನೋ ಪ್ರಶ್ನೆ. ಚಕ್ರ ಇದೆಯಲ್ಲ? ಚಕ್ರ ತಳ್ಳುವುದು ನೆಲದ ಘರ್ಷಣೆಯನ್ನು ನಂಬಿಕೊಂಡು. ನೆಲ ಜಾರಿದರೆ ಎಷ್ಟೇ ದೊಡ್ಡ ಮೋಟಾರ್ ಹಾಕಿದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಪ್ರೊಪೆಲ್ಲರ್ ಹಾಗಲ್ಲ. ಅದು ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತದೆ, ನೆಲ ಹೇಗಿದ್ದರೂ ಅದಕ್ಕೆ ಸಂಬಂಧ ಇಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದಲ್ಲಿ ಶುರುವಾದ ಹೈಸ್ಕೂಲ್ ಮಕ್ಕಳ ಸ್ಪರ್ಧೆ, ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್. ಮನುಷ್ಯ ಚಂದ್ರನ ಮೇಲೆ ಇಳಿದು 40 ವರ್ಷ ಆದ ನೆನಪಿಗೆ ಅವರು 2009ರಲ್ಲಿ 'ಲೂನಸಿ' ಅನ್ನೋ ಆಟ ಮಾಡಿದರು. ಚಂದ್ರನ ಮೇಲೆ ಓಡಾಡಿದ ಹಾಗೆ ಅನಿಸಲಿ ಅಂತ ಅಂಕಣಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಸಿದರು. ಎಲ್ಲ ತಂಡಗಳಿಗೂ ಒಂದೇ ಬಗೆಯ ಜಾರುವ ಚಕ್ರ ಕೊಟ್ಟು, ಬೇರೆ ಚಕ್ರ ಹಾಕುವಂತಿಲ್ಲ ಅಂದರು. ಮಕ್ಕಳು ಸುಮ್ಮನಿರುತ್ತಾರಾ? ಕೆಲವು ತಂಡಗಳು ರೋಬೋಟಿನ ಮೇಲೆ ಫ್ಯಾನು, ಪ್ರೊಪೆಲ್ಲರ್ ಕೂರಿಸಿ ಗಾಳಿಯಿಂದ ತಳ್ಳಿಸಿಕೊಂಡವು. ಬ್ಯಾಟರಿ, ಬಂಪರ್ ಬಿಟ್ಟು 54 ಕೆಜಿವರೆಗೆ ತೂಗಬಹುದಾಗಿದ್ದ ಯಂತ್ರಗಳು ಅವು. ಒಂದಕ್ಕೊಂದು ಡಿಕ್ಕಿ ಹೊಡೆಯುವ ಆಟದಲ್ಲಿ ಅದರ ಜೊತೆಗೆ ಈ ರೆಕ್ಕೆ.

ಐಡಿಯಾ ಚೆನ್ನಾಗಿದೆ ಅಂತ ನಾವೂ ಒಪ್ಪುತ್ತೇವೆ. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ಪ್ರೊಪೆಲ್ಲರನ್ನು ರೋಬೋಟಿಗೆ ತಂದಿದ್ದು ಮಕ್ಕಳ ಹುಚ್ಚಾಟ ಅಲ್ಲ, ಆಟದ ನಿಯಮ. ಜಾರುವ ನೆಲ ಕೊಟ್ಟವರು ಮುಂದೆ ಏನು ಬರಬಹುದು ಅಂತ ಮೊದಲೇ ಯೋಚಿಸಬೇಕು. ನಮ್ಮಲ್ಲೂ ಹಾಗೇ. ಹೋವರ್‌ಕ್ರಾಫ್ಟ್ ರೇಸ್, ಆರ್‌ಸಿ ಪ್ಲೇನ್, ಡ್ರೋನ್ ಅಬ್‌ಸ್ಟಕಲ್ ಅಂತ ಈವೆಂಟ್ ಇಟ್ಟ ಕ್ಷಣವೇ ಅಂಕಣಕ್ಕೆ ರೆಕ್ಕೆ ಬಂತು ಅಂತ ಅರ್ಥ. ಪೋಸ್ಟರ್ ಡಿಸೈನ್ ಆಗುವ ಹೊತ್ತಿಗೆ ಸೇಫ್ಟಿ ನಿಯಮವೂ ಸಿದ್ಧ ಇರಬೇಕು.

ರೋಬೋವಾರ್ ಈವೆಂಟ್ ನೋಡಿದವರಿಗೆ ಗೊತ್ತು. ಸುತ್ತ ಪಾಲಿಕಾರ್ಬೊನೇಟ್ ಗೋಡೆ, ತಂಡದವರೆಲ್ಲ ಹೊರಗೆ, ಒಳಗೆ ತರುವವರೆಗೂ ಬ್ಲೇಡಿಗೆ ಲಾಕ್. ಅಮೆರಿಕದ ಬ್ಯಾಟಲ್‌ಬಾಟ್ಸ್‌ನಲ್ಲಿ ತಿರುಗುವ ಆಯುಧದ ತುದಿಯ ವೇಗಕ್ಕೆ ಗಂಟೆಗೆ 250 ಮೈಲಿಯ ಮಿತಿ ಇದೆ, ಅಂದರೆ ಸುಮಾರು 402 ಕಿ.ಮೀ. ನಮ್ಮ 10 ಇಂಚಿನ ಪ್ರೊಪೆಲ್ಲರ್ ಆ ಮಿತಿಯ ಹತ್ತಿರವೇ ಇದೆ, 5 ಇಂಚಿನದ್ದು ಅದನ್ನು ದಾಟಿಯೇ ಹೋಗುತ್ತೆ. "ಏನ್ ಗುರು, ಅದು ಕೆಜಿಗಟ್ಟಲೆ ಉಕ್ಕು, ಇದು 10 ಗ್ರಾಂ ಪ್ಲಾಸ್ಟಿಕ್" ಅಂತ ನೀವು ಹೇಳಬಹುದು. ನ್ಯಾಯವಾದ ಮಾತು. ಪ್ರೊಪೆಲ್ಲರ್ ಇನ್ನೊಂದು ರೋಬೋಟನ್ನು ಎತ್ತಿ ಒಗೆಯುವುದಿಲ್ಲ. ಆದರೆ ಎದುರಿಗೆ ಇರುವುದು ಇನ್ನೊಂದು ರೋಬೋಟ್ ಅಲ್ಲ, ಬೆರಳು. ಇಲ್ಲವೇ ಕಣ್ಣು. ಪ್ರೊಪೆಲ್ಲರಿನ ತುದಿಯಿಂದ 3 ಗ್ರಾಂ ಚೂರು ಮುರಿದು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹಾರಿತು ಅಂದುಕೊಳ್ಳಿ. ಅದರ ಶಕ್ತಿ 9.6 ಜೌಲ್. 1 ಕೆಜಿ ಸಕ್ಕರೆ ಪ್ಯಾಕೆಟ್ 1 ಮೀಟರ್ ಎತ್ತರದಿಂದ ಬಿದ್ದರೆ ಆಗುವಷ್ಟು. ಸಕ್ಕರೆ ಪ್ಯಾಕೆಟಿಗೆ ಹರಿತವಾದ ಅಂಚಿಲ್ಲ, ಇದಕ್ಕಿದೆ.

ಇದು ಬರೀ ಕಾಗದದ ಲೆಕ್ಕವೂ ಅಲ್ಲ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಪಾರ್ಕೊಂದರಲ್ಲಿ ರಿಮೋಟ್ ಹೆಲಿಕಾಪ್ಟರ್ ಹಾರಿಸುತ್ತಿದ್ದ ಯುವಕನೊಬ್ಬ ಅದರ ರೆಕ್ಕೆ ತಲೆಗೆ ಬಡಿದು ತೀರಿಕೊಂಡ. ಅವನ ವಯಸ್ಸು 19, ನಮ್ಮದೇ ವಯಸ್ಸು. 2015ರ ಮೇ ತಿಂಗಳಲ್ಲಿ ಮೆಕ್ಸಿಕೊದ ಟಿಹುವಾನಾದಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಸ್ ಶೋ ನಡುವೆ ಕ್ಯಾಮೆರಾ ಡ್ರೋನ್ ಹಿಡಿಯಲು ಹೋಗಿ ಬೆರಳು ಕೊಯ್ದುಕೊಂಡರು, ಆಮೇಲೆ ಆಪರೇಷನ್ ಆಯಿತು. ಅದೇ ವರ್ಷದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ, ಮನೆಯವರ ಸ್ನೇಹಿತರೊಬ್ಬರು ಹಾರಿಸುತ್ತಿದ್ದ ಡ್ರೋನ್ ಮರಕ್ಕೆ ತಾಗಿ ತಿರುಗಿಬಿತ್ತು. ಅಲ್ಲಿದ್ದ ಒಂದೂವರೆ ವರ್ಷದ ಮಗು ಒಂದು ಕಣ್ಣು ಕಳೆದುಕೊಂಡಿತು. ಹಾರಿಸುತ್ತಿದ್ದವರು ಹೊಸಬರೇನಲ್ಲ, ಅಭ್ಯಾಸ ಇದ್ದವರೇ.

ಮೋಟಾರಿಗೆ ಕರುಣೆ ಇಲ್ಲ ಅನ್ನುವುದನ್ನು ಮರೆಯಬಾರದು. ಮಿಕ್ಸಿಯ ಹಾಗೇ. ಬೆರಳು ಅಡ್ಡ ಬಂದರೆ ಬ್ರಶ್‌ಲೆಸ್ ಮೋಟಾರಿಗೆ ಅದು ಬೆರಳು ಅಂತ ಗೊತ್ತಾಗುವುದಿಲ್ಲ. ಲೋಡ್ ಜಾಸ್ತಿ ಆಯ್ತು ಅಂತ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಲಿಪೊ ಬ್ಯಾಟರಿಯೂ ಕೇಳಿದಷ್ಟು ಕೊಡುತ್ತದೆ, ಅದರ ಹೆಚ್ಚುಗಾರಿಕೆಯೇ ಅದು.

ಇನ್ನು ಅಪಾಯ ಇರುವ ಜಾಗ ಯಾವುದು? ನಾವೆಲ್ಲ ಅಂಕಣದ ಕಡೆ ನೋಡುತ್ತೇವೆ. ಅಲ್ಲಿ ಹೇಗೂ ಒಂದು ಹಗ್ಗ ಕಟ್ಟಿರುತ್ತಾರೆ, ಒಬ್ಬ ವಾಲಂಟಿಯರ್ ಸೀಟಿ ಹಿಡಿದು ನಿಂತಿರುತ್ತಾನೆ. ಹೆಚ್ಚು ಹೊತ್ತು ರೆಕ್ಕೆ ತಿರುಗುವುದು ಬೇರೆ ಕಡೆ: ಹಾಸ್ಟೆಲ್ ರೂಮಿನ ಟೇಬಲ್ ಮೇಲೆ, ಕಾರಿಡಾರಿನಲ್ಲಿ, ವರ್ಕ್‌ಶಾಪಿನ ಹೊರಗಿನ ಕಟ್ಟೆ ಮೇಲೆ, ಈವೆಂಟ್ ದಿನ ಪಿಟ್ ಅಂತ ಕರೆಯುವ ಇಕ್ಕಟ್ಟಾದ ಕ್ಲಾಸ್‌ರೂಮಿನಲ್ಲಿ. ಬೆಳಗಿನ ಜಾವ 3 ಗಂಟೆಗೆ, ನಿದ್ದೆಗಣ್ಣಿನಲ್ಲಿ. ಒಬ್ಬ ಫ್ರೇಮ್ ಹಿಡಿದಿರುತ್ತಾನೆ, ಇನ್ನೊಬ್ಬಳು ರಿಮೋಟ್ ಹಿಡಿದಿರುತ್ತಾಳೆ, ಮೂರನೆಯವನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಸರಿಯಾಗಿ ರೆಕ್ಕೆ ತಿರುಗುವ ನೇರಕ್ಕೆ ನಿಂತಿರುತ್ತಾನೆ. ರೆಕ್ಕೆ ಮುರಿದರೆ ಚೂರು ಹಾರುವುದು ಅದೇ ನೇರಕ್ಕೆ.

ಇಲ್ಲಿ ತಮಾಷೆ ಏನಂದರೆ, ಟೇಬಲ್ ಮೇಲೆ ಮಾಡುವ ಮುಕ್ಕಾಲು ಪಾಲು ಟೆಸ್ಟಿಂಗಿಗೆ ಪ್ರೊಪೆಲ್ಲರ್ ಬೇಕಾಗೇ ಇಲ್ಲ. ಮೋಟಾರ್ ಯಾವ ಕಡೆ ತಿರುಗುತ್ತಿದೆ ಅಂತ ನೋಡಲು ಶಾಫ್ಟಿಗೆ ಒಂದು ತುಂಡು ಟೇಪ್ ಅಂಟಿಸಿದರೆ ಸಾಕು. ಉಲ್ಟಾ ತಿರುಗಿದರೆ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯ್ತು. ಇಎಸ್‌ಸಿ ಕ್ಯಾಲಿಬ್ರೇಶನ್ನಿಗೂ ರೆಕ್ಕೆ ಬೇಡ. ಬದಲಿಗೆ ಆಗಲೇ ಅದನ್ನು ಬಿಚ್ಚಿಟ್ಟಿರಬೇಕು, ಯಾಕೆಂದರೆ ಥ್ರಾಟಲ್ ಕಡ್ಡಿಯನ್ನು ಪೂರ್ತಿ ಮೇಲಿಟ್ಟು ಪವರ್ ಕೊಡುವ ಕೆಲಸ ಅದು. ಏನೋ ಒಂದು ತಪ್ಪಿದರೆ ಮೋಟಾರ್ ಒಂದೇ ಸಲಕ್ಕೆ ಪೂರ್ತಿ ವೇಗಕ್ಕೆ ಹೋಗಬಹುದು.

ಕಾನೂನು ಏನು ಹೇಳುತ್ತದೆ ಅಂತಲೂ ನೋಡೋಣ. ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳಿವೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ. ದುಡ್ಡಿನ ಕೆಲಸಕ್ಕಲ್ಲದೆ ಮೈಕ್ರೊ ಡ್ರೋನ್ ಹಾರಿಸುವುದಕ್ಕೆ ಪೈಲಟ್ ಲೈಸೆನ್ಸ್ ಬೇಡ. ಮಾನ್ಯತೆ ಇರುವ ಕಾಲೇಜುಗಳು ಗ್ರೀನ್ ಝೋನಿನಲ್ಲಿ, ತಮ್ಮದೇ ಆವರಣದಲ್ಲಿ ಸಂಶೋಧನೆಗೆ ಅಂತ ಹಾರಿಸಿದರೆ ಟೈಪ್ ಸರ್ಟಿಫಿಕೇಟ್, ನೋಂದಣಿ ಸಂಖ್ಯೆಗಳಿಂದಲೂ ವಿನಾಯಿತಿ ಇದೆ. (ಬೆಂಗಳೂರಿನವರು ಮೊದಲು ಮ್ಯಾಪ್ ನೋಡಿಕೊಳ್ಳಿ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ಸುತ್ತ ಇಷ್ಟು ರನ್‌ವೇ ಇರುವ ಊರಿನಲ್ಲಿ ನಿಮ್ಮ ಕ್ಯಾಂಪಸ್ ಗ್ರೀನ್ ಝೋನಿನಲ್ಲಿದೆ ಅಂತ ಸುಮ್ಮನೆ ಅಂದುಕೊಳ್ಳಬೇಡಿ.) ಇನ್ನು ನೆಲದ ಮೇಲೇ ಓಡುವ ಹೋವರ್‌ಕ್ರಾಫ್ಟ್, ಪ್ರೊಪೆಲ್ಲರ್ ಕಾರು ಇವೆಲ್ಲ ಡ್ರೋನೇ ಅಲ್ಲ. ಆ ನಿಯಮಗಳು ಇವಕ್ಕೆ ತಾಗುವುದೇ ಇಲ್ಲ.

ಈ ವಿನಾಯಿತಿ ಒಳ್ಳೆಯದೇ. ಸೆಕೆಂಡ್ ಇಯರ್ ಹುಡುಗರು ಒಂದು ಮೋಟಾರ್ ತಿರುಗಿಸುವುದಕ್ಕೆ ದೆಹಲಿಗೆ ಅರ್ಜಿ ಹಾಕುವಂತಾದರೆ ಯಾರೂ ಏನೂ ಕಲಿಯುವುದಿಲ್ಲ. ಆದರೆ ಸರ್ಕಾರ ನಮಗೆ ನಿಯಮ ಹಾಕಿಲ್ಲ ಅಂದರೆ ನಿಯಮ ಬೇಡ ಅಂತಲ್ಲ, ಅದನ್ನು ನಾವೇ ಹಾಕಿಕೊಳ್ಳಬೇಕು ಅಂತ. ಬೇರೆ ಕಡೆ ಎಷ್ಟು ಕಟ್ಟುನಿಟ್ಟು ಅಂತ ಗೊತ್ತಾಗಲು ಒಂದೇ ಉದಾಹರಣೆ ಸಾಕು. ಜನರ ತಲೆ ಮೇಲೆ ಡ್ರೋನ್ ಹಾರಿಸುವ ಬಗ್ಗೆ ಅಮೆರಿಕದ ಎಫ್‌ಎಎ 2021ರಲ್ಲಿ ಜಾರಿಗೆ ತಂದ ನಿಯಮದಲ್ಲಿ, 250 ಗ್ರಾಂ ಒಳಗಿನ ಚಿಕ್ಕ ಡ್ರೋನ್ ಆದರೂ ಚರ್ಮ ಸೀಳುವಂಥ ತೆರೆದ ರೆಕ್ಕೆ ಇರಬಾರದು ಅಂತಿದೆ. ತೂಕ ಕಡಿಮೆ ಅಂತ ಅಲ್ಲಿ ರಿಯಾಯಿತಿ ಸಿಗಲ್ಲ.

ಇದಕ್ಕೆಲ್ಲ ನಮ್ಮ ಕ್ಯಾಂಪಸ್ಸಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಮೂರು.

"ಇಷ್ಟು ವರ್ಷ ಏನೂ ಆಗಿಲ್ವಲ್ಲ?" ಏನೂ ಆಗಿಲ್ಲ ಅನ್ನುವುದು ಪುಣ್ಯ, ಪುರಾವೆ ಅಲ್ಲ. ಹೆಲ್ಮೆಟ್ ಇಲ್ಲದೆ ಸ್ಕೂಟಿ ಓಡಿಸುವವರೂ ಇದನ್ನೇ ಹೇಳುವುದು. ಸಣ್ಣಪುಟ್ಟ ಗಾಯಗಳು ಎಲ್ಲೂ ದಾಖಲಾಗುವುದಿಲ್ಲ. ಬ್ಯಾಂಡೇಜ್ ಸುತ್ತಿಕೊಂಡು ಮುಂದಿನ ರೌಂಡಿಗೆ ಹೋಗುವುದನ್ನೇ ಸಾಹಸ ಅಂತ ಸ್ಟೇಟಸ್ ಹಾಕಿಕೊಳ್ಳುತ್ತೇವೆ.

"ಗಾರ್ಡ್ ಹಾಕಿದರೆ ಥ್ರಸ್ಟ್ ಕಡಿಮೆ ಆಗುತ್ತೆ, ತೂಕ ಜಾಸ್ತಿ ಆಗುತ್ತೆ." ನಿಜ. ಜಾಲರಿ ಗಾಳಿಗೆ ಸ್ವಲ್ಪ ಅಡ್ಡ ಬರುತ್ತದೆ. ಆದರೆ ನಿಯಮ ಎಲ್ಲರಿಗೂ ಒಂದೇ ಆದರೆ ನಷ್ಟವೂ ಎಲ್ಲರಿಗೂ ಒಂದೇ ತಾನೆ? ಅದೂ ಅಲ್ಲದೆ, ರೆಕ್ಕೆಯ ತುದಿಗೂ ಕೊಳವೆಗೂ ನಡುವೆ ತೀರಾ ಕಡಿಮೆ ಜಾಗ ಬಿಟ್ಟು ಸರಿಯಾಗಿ ಡಕ್ಟ್ ಮಾಡಿದರೆ, ನಿಂತಲ್ಲಿ ಸಿಗುವ ಥ್ರಸ್ಟ್ ಹೆಚ್ಚಾಗಲೂಬಹುದು. ಕಡಿಮೆ ನಷ್ಟದಲ್ಲಿ ಒಳ್ಳೆಯ ಗಾರ್ಡ್ ಮಾಡುವುದೇ ಒಂದು ಇಂಜಿನಿಯರಿಂಗ್ ಸವಾಲು. ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸಿಗೆ ಓದಿ ಮರೆಯುವುದಕ್ಕಿಂತ ಇದು ಎಷ್ಟೋ ಮೇಲು.

"ಇದನ್ನೆಲ್ಲ ಎತ್ತಿದರೆ ಮ್ಯಾನೇಜ್‌ಮೆಂಟಿನವರು ಈವೆಂಟನ್ನೇ ನಿಲ್ಲಿಸ್ತಾರೆ." ಈ ಭಯ ನಮಗೂ ಅರ್ಥ ಆಗುತ್ತದೆ, ಇದೇ ಎಲ್ಲಕ್ಕಿಂತ ನಿಜವಾದದ್ದೂ ಹೌದು. ಆದರೆ ಸ್ವಲ್ಪ ಯೋಚಿಸಿ. ಈವೆಂಟ್ ನಿಲ್ಲುವುದು ನಿಯಮ ಬರೆದಾಗ ಅಲ್ಲ, ಯಾರದೋ ಕೈಗೋ ಕಣ್ಣಿಗೋ ಏಟಾದಾಗ. ಆಗ ಯಾರೂ ನಮ್ಮ ಅಭಿಪ್ರಾಯ ಕೇಳುವುದಿಲ್ಲ. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಸರ್ಕ್ಯುಲರ್ ಬರುತ್ತೆ, ಲ್ಯಾಬಿಗೆ ಬೀಗ ಬೀಳುತ್ತೆ. ನಾಲ್ಕು ಬ್ಯಾಚ್ ಸೀನಿಯರ್ಸ್ ಕಟ್ಟಿದ ಕ್ಲಬ್ ಒಂದು ಸಹಿಯಲ್ಲಿ ಮುಗಿಯುತ್ತೆ. ಕ್ಲಬ್ ಉಳಿಯಬೇಕು ಅನ್ನುವವರೇ ಮೊದಲು ನಿಯಮ ಕೇಳಬೇಕು.

ಹಾಗಾದರೆ ರೂಲ್‌ಬುಕ್‌ನಲ್ಲಿ ಏನಿರಬೇಕು? ನಮ್ಮ ಪಟ್ಟಿ ಇದು. ಇದರಲ್ಲಿ ಹೊಸದಾಗಿ ಕಂಡುಹಿಡಿದದ್ದು ಏನಿಲ್ಲ, ಬೇರೆ ಕಡೆ ಇರುವುದನ್ನೇ ಒಟ್ಟು ಮಾಡಿದ್ದೇವೆ.

ಒಂದು, ಪಿಟ್ಟಿನಲ್ಲಿ ರೆಕ್ಕೆ ಬಿಚ್ಚಿರಬೇಕು. ಅಂಕಣದ ಒಳಗೆ ಅಥವಾ ಬಲೆ ಕಟ್ಟಿದ ಟೆಸ್ಟ್ ಜಾಗದಲ್ಲಿ ಮಾತ್ರ ಪ್ರೊಪೆಲ್ಲರ್ ಹಾಕಬೇಕು. ಕೆಲಸ ಮುಗಿದ ಮೇಲೆ ಬ್ಯಾಟರಿ ತೆಗೆದು, ರೆಕ್ಕೆ ಬಿಚ್ಚಿಯೇ ವಾಪಸ್.

ಎರಡು, ನೆಲದ ಮೇಲೆ ಓಡುವ ಯಂತ್ರವಾದರೆ ಮುಂದೆ, ಹಿಂದೆ, ಸುತ್ತ ಮೂರೂ ಕಡೆ ಗಾರ್ಡ್ ಇರಬೇಕು. ಅದನ್ನು ಕಣ್ಣಳತೆಯಲ್ಲಿ ಬಿಡಬಾರದು. ಎಲೆಕ್ಟ್ರಿಕಲ್ ಉಪಕರಣಗಳಿಗೆ ಬೆರಳು ಒಳಗೆ ಹೋಗುತ್ತಾ ಅಂತ ನೋಡಲು ಐಇಸಿ ಮಾನದಂಡದಲ್ಲಿ 12 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ 'ಟೆಸ್ಟ್ ಫಿಂಗರ್' ಇದೆ. ಅದೇ ಅಳತೆಯ ಒಂದು ಮರದ ಕಡ್ಡಿ ಜಡ್ಜ್ ಕೈಯಲ್ಲಿರಲಿ. ಯಂತ್ರ ಆಫ್ ಆಗಿರುವಾಗ ತೂರಿಸಿ ನೋಡಲಿ, ಕಡ್ಡಿ ರೆಕ್ಕೆಗೆ ತಾಗಿದರೆ ಫೇಲ್.

ಮೂರು, ಪವರ್ ಕಟ್ ಮಾಡುವ ಕೆಂಪು ಪ್ಲಗ್ ಹೊರಗೇ ಕಾಣುವಂತಿರಬೇಕು, ರೆಕ್ಕೆಯಿಂದ ದೂರ ಇರಬೇಕು. ಎಸ್‌ಎಇ ಏರೋ ಡಿಸೈನ್ ಸ್ಪರ್ಧೆಯಲ್ಲಿ ಇಂಥ ಕೆಂಪು ಆರ್ಮಿಂಗ್ ಪ್ಲಗ್ ಕಡ್ಡಾಯ. ನಿಲ್ಲಿಸುವುದಕ್ಕೆ ಹೋದ ಕೈಯೇ ರೆಕ್ಕೆಗೆ ಸಿಗುವಂತಿದ್ದರೆ ಸ್ವಿಚ್ ಇದ್ದೂ ಏನು ಪ್ರಯೋಜನ?

ನಾಲ್ಕು, ಫೇಲ್‌ಸೇಫ್ ಟೆಸ್ಟ್. ಜಡ್ಜ್ ಎದುರಿಗೆ, ರೆಕ್ಕೆ ಬಿಚ್ಚಿ, ಮೋಟಾರ್ ಓಡುತ್ತಿರುವಾಗ ರಿಮೋಟ್ ಆಫ್ ಮಾಡಬೇಕು. ಮೋಟಾರ್ ತಕ್ಷಣ ನಿಲ್ಲಬೇಕು. ಸರಿಯಾಗಿ ಸೆಟ್ ಮಾಡದಿದ್ದರೆ ಕೆಲವು ರಿಸೀವರ್‌ಗಳು ಸಿಗ್ನಲ್ ಹೋದ ಮೇಲೂ ಕೊನೆಯ ಕಮ್ಯಾಂಡನ್ನೇ ಹಿಡಿದುಕೊಂಡಿರುತ್ತವೆ.

ಐದು, ಲೋಹದ ಪ್ರೊಪೆಲ್ಲರ್ ಬೇಡವೇ ಬೇಡ. ಎಸ್‌ಎಇ ಏರೋ ಡಿಸೈನ್‌ನಲ್ಲೂ ಅದಕ್ಕೆ ನಿಷೇಧ ಇದೆ. ಬಿರುಕು ಬಿಟ್ಟದ್ದು, ಫೆವಿಕ್ವಿಕ್ ಹಾಕಿ ಅಂಟಿಸಿದ್ದು, ಬ್ಯಾಲೆನ್ಸ್ ಮಾಡುತ್ತೇವೆ ಅಂತ ಬ್ಲೇಡಿನಲ್ಲಿ ಕೆರೆದದ್ದು ಇವೂ ಬೇಡ. ಎಸ್.ಪಿ. ರೋಡಿನಲ್ಲಿ ಬ್ಯಾಟರಿಗೂ ಮೋಟಾರಿಗೂ ಸುರಿದು ಬಂದ ದುಡ್ಡಿನ ಮುಂದೆ ಒಂದು ಜೊತೆ ಹೊಸ ಪ್ರೊಪೆಲ್ಲರಿನ ಬೆಲೆ ಏನೇನೂ ಅಲ್ಲ.

ಆರು, ಪಿಟ್ಟಿನಲ್ಲಿ ಇರುವ ಎಲ್ಲರಿಗೂ ಸೇಫ್ಟಿ ಕನ್ನಡಕ. ಫಸ್ಟ್ ರೊಬೊಟಿಕ್ಸ್‌ನಲ್ಲಿ ಚಕ್ರದ ರೋಬೋಟ್ ಮಾಡುವ ಮಕ್ಕಳಿಗೂ ಇದು ಕಡ್ಡಾಯ. ಪ್ರೇಕ್ಷಕರಿಗೂ ಅಂಕಣಕ್ಕೂ ನಡುವೆ ಬರೀ ಹಗ್ಗ ಅಲ್ಲ, ಬಲೆ ಅಥವಾ ಶೀಟ್.

ಇವುಗಳಲ್ಲಿ ಒಂದು ತಪ್ಪಿದರೂ ಆ ತಂಡಕ್ಕೆ ರನ್ ಇಲ್ಲ. ಮೈನಸ್ ಮಾರ್ಕ್ಸ್ ಅಂತ ಇಟ್ಟರೆ ಮಾರ್ಕ್ಸ್ ಹೋದರೆ ಹೋಗಲಿ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಬ್ಯಾಚ್‌ಮೇಟ್ ಮುಖ ನೋಡಿ ಪಾಸ್ ಮಾಡದಿರಲಿ ಅಂತ, ಇನ್‌ಸ್ಪೆಕ್ಷನ್ ಮಾಡುವವರು ಸ್ಪರ್ಧಿಸುವ ತಂಡದವರಾಗಿರಬಾರದು.

ಕೊನೆಯದಾಗಿ ಒಂದು ಮಾತು, ಇದು ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಮಾತ್ರ ಹೇಳುತ್ತಿರುವುದಲ್ಲ. ಫೆಸ್ಟ್ ದಿನ ಕ್ಯಾಂಪಸ್ಸಿನಲ್ಲಿ ನಾವು ಮಾತ್ರ ಇರುವುದಿಲ್ಲ. ಲ್ಯಾಬ್ ಅಟೆಂಡರ್ ಅಣ್ಣ ಇರುತ್ತಾರೆ, ಪಿಟ್ಟಿನ ಕಸ ಗುಡಿಸುವ ಅಕ್ಕ ಇರುತ್ತಾರೆ, ಸೆಕ್ಯುರಿಟಿಯವರು, ಶಾಮಿಯಾನ ಕಟ್ಟುವವರು, ಸುತ್ತಲಿನ ಸರ್ಕಾರಿ ಶಾಲೆಗಳಿಂದ ಸಾಲಾಗಿ ಬಂದು ಬೆರಗಾಗಿ ನೋಡುವ ಮಕ್ಕಳು ಇರುತ್ತಾರೆ. ಮೇಜಿನ ಮೇಲಿರುವ ಯಂತ್ರ ಆನ್ ಆಗಿದೆಯೋ ಆಫ್ ಆಗಿದೆಯೋ ಅವರಿಗೆ ಹೇಗೆ ಗೊತ್ತಾಗಬೇಕು? ಬೋರ್ಡೆಲ್ಲ ಇಂಗ್ಲಿಷ್, ಮೈಕಿನಲ್ಲೂ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಅದು ಕಾಣಿಸುವುದೂ ಇಲ್ಲ, ಆದರೆ ಅಪಾಯಕ್ಕೆ ಹತ್ತಿರ ಇರುವವರಲ್ಲಿ ಎಷ್ಟೋ ಜನರಿಗೆ ಆ ಬೋರ್ಡ್ ಇದ್ದೂ ಇಲ್ಲದ ಹಾಗೆ. "ರೆಕ್ಕೆ ತಿರುಗುತ್ತಿದೆ, ಗೆರೆ ದಾಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯುವುದಕ್ಕೆ ಯಾವ ಬಜೆಟ್ಟೂ ಬೇಡ. ಮೋಟಾರ್ ಆನ್ ಮಾಡುವ ಮುಂಚೆ ಗಟ್ಟಿಯಾಗಿ "ದೂರ ಸರೀರಿ, ಆನ್ ಮಾಡ್ತಿದ್ದೀವಿ" ಅಂತ ಕೂಗುವುದಕ್ಕೂ ಬೇಡ. ಬೋರ್ಡ್ ಬರೆಯುವ ಕೆಲಸವನ್ನು ನಮ್ಮ ಸಂಘವೇ ಮಾಡಿಕೊಡಬಹುದು.

ನಮ್ಮ ಕೋರಿಕೆ ಇಷ್ಟು. ಮುಂದಿನ ಫೆಸ್ಟಿನ ರೂಲ್‌ಬುಕ್ ಬರೆಯಲು ಕೂರುವ ಸೀನಿಯರ್ಸ್ ಮೇಲಿನ ಆರು ಅಂಶಗಳನ್ನು ಇಟ್ಟುಕೊಂಡು ಕೂರಲಿ. ಒಪ್ಪದಿದ್ದನ್ನು ಹೊಡೆದುಹಾಕಿ, ಉತ್ತಮವಾದದ್ದನ್ನು ಸೇರಿಸಲಿ. ರೊಬೊಟಿಕ್ಸ್ ಕ್ಲಬ್ಬಿನವರು ಇಂದಿನಿಂದಲೇ ಮೊದಲನೆಯದನ್ನು ಶುರು ಮಾಡಬಹುದು, ಅದಕ್ಕೆ ಯಾರ ಪರ್ಮಿಷನ್ನೂ ಬೇಡ: ಟೇಬಲ್ ಮೇಲೆ ಇಡುವ ಮುಂಚೆ ರೆಕ್ಕೆ ಬಿಚ್ಚಿ. ನಾಲ್ಕು ನಟ್ಟು, ಎರಡು ನಿಮಿಷ.